ಗಾಜಿಗೆ ಅಂಟಿದ ಮುಖ

ಭೀಮಕ್ಕಾ, ಕೊಂಕಲ್‌ನ ನಿಮ್ಮ ಮನೆಯ ಗೋಡೆಯ ಮೇಲಿರುವುದು ನಿಮ್ಮ ಅವ್ವನ ಮುಖವಲ್ಲ. ನಿಮ್ಮದೇ ಮುಖ. ಶಹಾಪುರದ ನಮ್ಮ ಸ್ಟುಡಿಯೋದಲ್ಲಿ ಕೂತು, ಅದನ್ನು ತಿದ್ದಿ ತೀಡಿ, ನಿಮ್ಮ ಅವ್ವನ ಸೆರಗಿನೊಳಗೆ ಕೂಡಿಸಿದವಳು ನಾನು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ—ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ನೀವು ತಂದದ್ದು ಕಾಲುವೆ ಅಗೆಯುವಾಗ ಯಾರೋ ಸಾಹೇಬರು ತೆಗೆದ ಫೋಟೋ. ಮಣ್ಣಿನ ಬುಟ್ಟಿ ಹಿಡಿದು, ತಲೆ ಮೇಲೆ ಸೆರಗು ಹೊದ್ದು ನಿಂತ ನಿಮ್ಮ ಅವ್ವ. ಆಕೆ ತೀರಿಕೊಂಡಾಗ ನಿಮಗೆ ಐದೋ ಆರೋ ವರ್ಷವಂತೆ. ಮನೆ ಸೋರಿ, ಫೋಟೋ ಕಟ್ಟಿನ ಗಾಜಿಗೇ ಅಂಟಿಕೊಂಡಿತ್ತು. “ಹುಷಾರ್ ತಂಗಿ, ಇದೊಂದೇ ಅದ,” ಎಂದಿರಿ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡೆ. ಅಲ್ಲಿಗೇ ನಿಲ್ಲಿಸಿದ್ದರೆ—

ಆದರೆ ಫೋಟೋ ತಿದ್ದುವ ನಮ್ಮ ಸಾಫ್ಟ್‌ವೇರಿನ ಪುಕ್ಕಟೆ ದಿನಗಳು ಮುಗಿದಿದ್ದವು. ಅಸಲಿಯದನ್ನು ಕೊಳ್ಳುವುದು ನಮ್ಮಂಥ ಅಂಗಡಿಗೆ ಆಗದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಸಿ.ಡಿ. ಮಾರುತ್ತಿದ್ದ. ಅದೇ ಸಾಫ್ಟ್‌ವೇರು, ಒಂದು ಊಟದ ಬೆಲೆಗೆ! “ಡಬ್ಬಿ ಇಲ್ಲ ಅಷ್ಟೇ ರೀ ಮೇಡಂ, ಒಳಗಿನ ಮಾಲು ಅದೇ ಅದ,” ಎಂದ. ಇಷ್ಟು ಸಸ್ತಾ ಯಾಕೆ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ ಎಂಬ ಭಯ.

ಮೂರು ದಿನ ಅದು ಮೇಜಿನ ಮೇಲೆಯೇ ಇತ್ತು. ಹಾಕಲೋ, ಬಿಡಲೋ. ಒಳಗಿದ್ದ ಚೀಟಿಯಲ್ಲಿ, ಮೊದಲು ವೈರಸ್ ಕಾವಲು ಬಂದ್ ಮಾಡಿ ಎಂದು ಬರೆದಿತ್ತು. ಮನೆಗೆ ಬರುವ ಅತಿಥಿ ನಾಯಿಯನ್ನು ಕಟ್ಟಿಹಾಕಿ ಎಂದರೆ ಸರಿ. ಬಾಗಿಲನ್ನೇ ಕಿತ್ತಿಡಿ ಎಂದರೆ? ನನಗೆ ಕಂಪ್ಯೂಟರ್ ಕಲಿಸಿದ ಸರ್ ಅವರನ್ನು ಕೇಳಿದೆ. “ಹಾಕೋದಿದ್ರ ಹಾಕ್ರಿ. ಮೊದಲ ಎಲ್ಲಾ ಕಾಪಿ ಮಾಡಿ ತೆಗದಿಡ್ರಿ,” ಎಂದರು.

ನನ್ನ ಹತ್ತಿರ ಖಾಲಿ ಸಿ.ಡಿ. ಒಂದೇ ಇತ್ತು. ಅದರಲ್ಲಿ ಸುರಪುರದವರ ಮದುವೆ ಫೋಟೋಗಳನ್ನು ತೆಗೆದಿಟ್ಟೆ. ಅವರು ಮರುದಿನ ಬರುವವರು, ಜೋರು ಮಂದಿ. ನೀವು ಜಗಳ ಮಾಡುವವರಲ್ಲ ಎಂದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ ಅಕ್ಕಾ.

ಸಿ.ಡಿ. ಹಾಕಿದೆ. ಅದು ಗಿರ್ರೆನ್ನುತ್ತಿರುವಾಗ ಸುಮ್ಮನೆ ಕೂರಲಾಗದೆ ನಿಮ್ಮ ಫೋಟೋವನ್ನು ನೀರಿನಲ್ಲಿ ನೆನೆಸಿ ಗಾಜಿನಿಂದ ಬಿಡಿಸತೊಡಗಿದೆ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಸೆರಗು ಬಂತು, ಬುಟ್ಟಿ ಬಂತು. ಮುಖ ಬರಲಿಲ್ಲ. ಒಂದು ಕಣ್ಣು, ಚೂರು ಹಣೆ ಗಾಜಿಗೇ ಉಳಿದವು. ಮಿಕ್ಕದ್ದು ಬೆರಳಿಗೆ ಮೆತ್ತಿಕೊಂಡಿತು. ತಲೆ ಎತ್ತಿದರೆ ಕಂಪ್ಯೂಟರ್ ಕಪ್ಪಾಗಿತ್ತು. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿಕೊಟ್ಟ. ನಿಮ್ಮ ಅವ್ವನ ಸ್ಕ್ಯಾನ್ ಕೂಡ ಅದರೊಂದಿಗೇ ಹೋಯಿತು. ಸಿ.ಡಿ.ಯಿಂದಲೋ, ಕರೆಂಟಿನ ಏರಿಳಿತದಿಂದಲೋ ಹೇಳಲಾಗದು ಎಂದ. ಆಮೇಲೆ ಅದೇ ಸಿ.ಡಿ.ಯನ್ನೇ ಮತ್ತೆ ಹಾಕಿದೆ—ಹೌದು, ಅದನ್ನೇ! ಈ ಸಲ ಏನೂ ಆಗಲಿಲ್ಲ. ಹಾಗಾದರೆ ತಪ್ಪು ಯಾವುದರದು? ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ.

ರೇಷನ್ ಕಾರ್ಡಿಗೆಂದು ತೆಗೆದ ನಿಮ್ಮ ಫೋಟೋದ ಒಂದು ಪ್ರತಿ ನಮ್ಮಲ್ಲಿ ಉಳಿದಿತ್ತು. ಅದರಿಂದ ಮುಖ ತೆಗೆದೆ. ಆಯಾಸ ಅಳಿಸಿದೆ, ಮೂಗುಬೊಟ್ಟು ಬದಲಿಸಿದೆ. ಬಿಡಿಸಿ ಹೇಳಬೇಕೆಂದೇ ನಿಮ್ಮೆದುರು ಇಟ್ಟೆ. ಆಣೆ ಮಾಡಿ ಹೇಳಲಾರೆ, ಆದರೆ ಹಾಗೆಂದುಕೊಂಡಿದ್ದೆ. ನೀವು ಬಹಳ ಹೊತ್ತು ನೋಡಿದಿರಿ.

“ನಮ್ಮವ್ವ ಇಷ್ಟು ನನ್ನಂಗ ಇದ್ಳೇನ ತಂಗಿ? ನನಗ ಮರತೇ ಹೋಗಿತ್ತು ನೋಡು.”

“ಹೌದ್ರಿ ಯಕ್ಕಾ, ಥೇಟ್ ನಿಮ್ಮಂಗ.”

ಸಿ.ಡಿ.ಯ ಮೇಲೆ ಹಾಕಲಾಗದ ತಪ್ಪು ಅದು. ಆ ‘ಹೌದ್ರಿ’ ನನ್ನದೇ.

ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಿರಿ. ನಾಟಿಗೆ ಹೋಗುವ ಮುಂಚೆ ದಿನಾ ಅವ್ವನ ಮುಖ ನೋಡಿಯೇ ಹೊರಡುತ್ತೇನೆ ಎಂದಿರಿ. ನಿಜ ಹೇಳಿದರೆ ನಿಮ್ಮ ಅವ್ವನನ್ನು ಎರಡನೆಯ ಸಲ ಕಿತ್ತುಕೊಂಡಂತೆ. ಹೇಳದಿದ್ದರೆ ದಿನಾ ಕಿತ್ತುಕೊಂಡಂತೆ. ಯಾವುದು ಕಡಿಮೆ ಪಾಪ ಎಂದು ಯಾರನ್ನು ಕೇಳಲಿ?

ಇದನ್ನು ಬರೆದು ಕಳಿಸಿದರೆ ನಿಮ್ಮ ಮೊಮ್ಮಗಳು ಓದಿ ಹೇಳಬೇಕಾಗುತ್ತದೆ. ನನ್ನ ತಪ್ಪನ್ನು ಅವಳ ಬಾಯಲ್ಲಿ ಹೇಳಿಸುವುದು ಬೇಡ. ನಾಳೆ ಮುಂಜಾನೆ ಬಸ್ಸಿಗೆ ನಾನೇ ಬರುತ್ತೇನೆ. ಆ ಗಾಜನ್ನು ಎಸೆದಿಲ್ಲ ಅಕ್ಕಾ, ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅದರ ಮೇಲೆ ನಿಮ್ಮ ಅವ್ವನ ಒಂದು ಕಣ್ಣು ಇನ್ನೂ ಇದೆ. ಸಣ್ಣ ಕಣ್ಣು, ಬಿಸಿಲಿಗೆ ಕಿರಿದು ಮಾಡಿದ್ದು.

ಅದು ನಿಮ್ಮ ಕಣ್ಣಿನ ಹಾಗಿಲ್ಲ.