ಮೇಲ್ಗಡೆ ಮಾತ್ರ ಬೋಲ್ಟು

“ಮೊಣಕೈ ನೋಡಿ ಅತ್ತೆ, ಒಳಕ್ಕೆ ಮಡಚುತ್ತೆ, ಹೊರಕ್ಕೆ ಮಡಚಲ್ಲ. ನಮ್ಮ ಸೋದರಮಾವನ ಶೆಡ್ಡೂ ಹಂಗೇ. ಕಬ್ಬಿಣದ ತೊಲೆ ಕಂಬಕ್ಕೆ ಸೇರೋ ಕಡೆ ಬೋಲ್ಟು ಮೇಲ್ಗಡೆ ಮಾತ್ರ ಹಾಕವ್ರೆ. ಚಾವಣಿ ಭಾರ ಕೆಳಕ್ಕೆ ಅದುಮಿದ್ರೆ ಹಿಡ್ಕೊಳ್ಳುತ್ತೆ. ಗಾಳಿ ಮೇಲಕ್ಕೆ ಎತ್ತಿದ್ರೆ ಜಾಯಿಂಟು ಕೆಳಗಡೆ ಬಾಯಿ ಬಿಡುತ್ತೆ. ಕಂಪ್ಯೂಟರಿಗೆ ಮೇಲೂ ಕೆಳಗೂ ಬಿಗಿ ಅಂದ್ರೆ ಪಾಸು. ಕೆಳಗಡೆ ರಿಲೀಸ್, ಅಂದ್ರೆ ಸಡಿಲ, ಅಂತ ನಿಜ ಹೇಳಿದ್ರೆ ತೊಲೆಯೆಲ್ಲಾ ಕೆಂಪು, ಫೇಲು.”

ಗುಬ್ಬಿ ಊರಿನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಇಂಜಿನಿಯರ್ ಹೇಮಶ್ರೀ ಹೇಳುತ್ತಿದ್ದರೆ, ಅತ್ತೆ ಪುಟ್ಟಗಂಗಮ್ಮ ತಮ್ಮ ಕೈಯನ್ನೇ ಮಡಚಿ ಮಡಚಿ ನೋಡಿಕೊಂಡರು. ಶೆಡ್ಡು ಭದ್ರವೆಂದು ಹೇಮಶ್ರೀ ಸಹಿ ಹಾಕಿದರೆ ಮಾತ್ರ ಚೇಳೂರಿನ ದೊಡ್ಡರಂಗಯ್ಯನಿಗೆ ಬಾಡಿಗೆದಾರರು ಬರುವುದು. ತಂದೆಯಿಲ್ಲದ ಅವಳನ್ನು ಓದಿಸಿದ ಸೋದರಮಾವ ಅವನೇ.

ಅಷ್ಟರಲ್ಲಿ ಅವನದೇ ಫೋನು ಬಂತು.

“ಕೆಳಗೂ ಬೋಲ್ಟು ಹಾಕ್ಸು ಮಾವ, ಆಮೇಲೆ ಸೈನ್ ಮಾಡ್ತೀನಿ.”

“ಬಣ್ಣ ಹೊಡ್ಸಾಯ್ತು ಕಣೇ! ಈಗ ತೂತು ಕೊರೀಲಾ? ನಮ್ಮುಡ್ಗೀನೇ ಸೈನ್ ಹಾಕಲ್ಲ ಅಂದ್ರೆ ಬೇರೆ ಯಾರ್ ಹಾಕ್ತಾರೆ? ಬಸ್ ಹತ್ತಿದೀನಿ. ಹಾಕ್ಸ್ಕೊಂಡೇ ಹೋಗೋದು.”

ಹೇಮಶ್ರೀ ಫೋನು ಕೆಳಗಿಟ್ಟಳು. ಇಲ್ಲವೆನ್ನಲು ಬಾಯಿ ಬಾರದು, ಹೂಂ ಎನ್ನಲು ಮನಸ್ಸು ಒಪ್ಪದು. ಮಾವ ಕಣ್ಣಾರೆ ನೋಡಲೆಂದು ಕೆಂಪು ತೊಲೆಗಳನ್ನು ಪರದೆಯ ಮೇಲೆ ಹಾಗೇ ಬಿಟ್ಟು ಎದ್ದಳು. ಅವನೂ ಊಟಕ್ಕೆ ಕೂರುತ್ತಾನಲ್ಲ ಎಂದು ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿ ತೊಳೆಯತೊಡಗಿದಳು.