ಬಿಳಿ ದಾರ ಕಟ್ಟಿದ ಆಂಪ್ಯೂಲು

ಅಕ್ಬರಬಿಯ ಬಲಗೈಯ ಮೂರು ಬೆರಳುಗಳು ವರ್ಷದ ಹನ್ನೆರಡು ತಿಂಗಳೂ ನೀಲಿ. ಈದಿಗೆ ಮೆಹಂದಿ ಹಚ್ಚಿದರೂ ಉಗುರಿನ ಸಂದಿಯಿಂದ ಆ ನೀಲಿ ಇಣುಕುತ್ತಿತ್ತು. ಬಾಂದ್ರಾ ಪೂರ್ವದ ಅವಳ ಚಾಳಿಗೆ ಹೊಸದಾಗಿ ಬಂದ ಸಂಸಾರವೊಂದು, ಇವಳು ಬಟ್ಟೆಗೆ ನೀಲಿ ಹಾಕುವ ಧೋಬಿಯೇ ಇರಬೇಕು ಅಂದುಕೊಂಡು ಎರಡು ಚಾದರ ತಂದು ಬಾಗಿಲಲ್ಲಿ ಇಟ್ಟು ಹೋಗಿತ್ತು. ಅಕ್ಬರಬಿ ಸಿಟ್ಟಾಗಲಿಲ್ಲ. ಚಾದರಗಳನ್ನು ಒಗೆದು, ಒಣಗಿಸಿ, ಮಡಚಿ ವಾಪಸು ಕೊಟ್ಟು, ಆಮೇಲೆ ತಾನು ಅಂಧೇರಿಯಲ್ಲಿ ಇಂಜೆಕ್ಷನ್ ಫ್ಯಾಕ್ಟರಿಯ ಚೆಕಿಂಗಿನಲ್ಲಿ ಇರುವವಳು ಎಂದು ಹೇಳಿದಳು. ಅಂಥ ಹೆಂಗಸು ಅವಳು!

ಆ ಚೆಕಿಂಗ್ ಅಂದರೆ ಏನು ಅಂತ ಕೇಳಿದರೆ ಅವಳ ಮುಖ ಅರಳುತ್ತಿತ್ತು. ಸಣ್ಣ ಗಾಜಿನ ಆಂಪ್ಯೂಲಿಗೆ ಔಷಧ ತುಂಬಿ ಬೆಂಕಿಯಲ್ಲಿ ಬಾಯಿ ಮುಚ್ಚುತ್ತಾರೆ. ಮುಚ್ಚಿದ್ದು ನಿಜವಾಗಿಯೂ ಮುಚ್ಚಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಕೂದಲೆಳೆಯಷ್ಟು ತೂತಿದ್ದರೂ ಗಾಳಿ ಹೊಕ್ಕು ಔಷಧ ಕೆಡುತ್ತದೆ. ಅದಕ್ಕೇ ಹನ್ನೆರಡು ಟ್ರೇಗಳನ್ನು ಒಟ್ಟಿಗೆ ಒಂದು ದೊಡ್ಡ ಟಾಂಕಿಯೊಳಗಿನ ನೀಲಿ ನೀರಿನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ಪಂಪಿನಿಂದ ಗಾಳಿ ಎಳೆಯುತ್ತಾರೆ. ಆಮೇಲೆ ಗಾಳಿಯನ್ನು ಮತ್ತೆ ಒಳಗೆ ಬಿಟ್ಟಾಗ, ಎಲ್ಲಿ ತೂತಿದೆಯೋ ಅಲ್ಲಿಂದ ನೀಲಿ ನೀರು ಒಳಗೆ ನುಗ್ಗುತ್ತದೆ. ಹೊರಮೈ ತೊಳೆದು ದೀಪದ ಮುಂದೆ ಹಿಡಿದರೆ ಒಳ್ಳೆಯವು ಬೆಳ್ಳಗೆ, ಕಳ್ಳರು ನೀಲಿ. ದೀಪದ ಮುಂದೆ ಕೂತು ಈ ಕಳ್ಳರನ್ನು ಹಿಡಿಯುವುದೇ ಅಕ್ಬರಬಿಯ ಕೆಲಸ. ಅವಳ ಮಗ್ಗುಲ ಸ್ಟೂಲಿನಲ್ಲಿ ಆಳಂದದ ಕಡೆಯ ಬಸಲಿಂಗವ್ವ. ಟಾಂಕಿಗೆ ಭೀಮರಾಯ. ಇವರೆಲ್ಲರ ಮೇಲೆ ಸೂಪರ್‌ವೈಸರ್ ಚೆನ್ನಯ, ಉಡುಪಿಯವರು, ಇಸ್ತ್ರಿ ಮುರಿಯದ ಅಂಗಿಯವರು.

ಗಾಜು ಅಕ್ಬರಬಿಗೆ ಹೊಸದಲ್ಲ. ಅವಳ ಅಪ್ಪ ಕರೀಮಸಾಬ ಕಲಬುರ್ಗಿ ಕಡೆಯ ಹಳ್ಳಿಗಳಲ್ಲಿ ಬಳೆ ಮಾರುತ್ತಿದ್ದ. ಬಳೆಯ ಗೊಂಚಲನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸೀಳು ಬಿಟ್ಟ ಬಳೆ ಮಂಕಾಗಿ ಸದ್ದು ಮಾಡುತ್ತದೆ. ಅದನ್ನು ಮಗಳಿಗೆ ಕಲಿಸುವಾಗ ಅಪ್ಪ ಬೇಕೆಂದೇ ಒಂದು ಒಡಕು ಬಳೆಯನ್ನು ಗೊಂಚಲಿನಲ್ಲಿ ಸೇರಿಸಿ ಕೊಡುತ್ತಿದ್ದ. ಅದನ್ನು ಹಿಡಿದುಕೊಟ್ಟ ದಿನ ಮಾತ್ರ ಅವಳ ಕಿವಿ ನೆಟ್ಟಗಿದೆ ಎಂದು ಲೆಕ್ಕ.

ಅಪ್ಪನ ಆ ಯುಕ್ತಿಯನ್ನೇ ಅವಳು ಅಂಧೇರಿಗೂ ತಂದಿದ್ದಳು, ಯಾರಿಗೂ ಹೇಳದೆ. ಟಾಂಕಿಗೆ ಹೋಗುವ ಮೊದಲೇ ಸೀಲಿಂಗ್ ಮಶೀನಿನವರು ತೆಗೆದುಹಾಕಿದ ಆಂಪ್ಯೂಲುಗಳ ಬುಟ್ಟಿಯಿಂದ ಕುತ್ತಿಗೆಯಲ್ಲಿ ಕಾಣದಷ್ಟು ಸಣ್ಣ ಸೀಳಿರುವ ಒಂದನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಆರಿಸುವುದು. ಅದರ ಕುತ್ತಿಗೆಗೆ ಬಿಳಿ ದಾರ ಕಟ್ಟುವುದು. ಟಾಂಕಿಗೆ ಹೋಗುವ ಕೊನೆಯ ಟ್ರೇಯ ಮೂಲೆಯಲ್ಲಿ ಇಟ್ಟುಬಿಡುವುದು. ಹೊರಗೆ ಬಂದಾಗ ಅದು ಒಳಗೂ ನೀಲಿಯಾಗಿದ್ದರೆ ಟಾಂಕಿ ತನ್ನ ಕೆಲಸ ಮಾಡಿದೆ ಅಂತ. ಯಾರೂ ನೋಡುವ ಮೊದಲೇ ಅದನ್ನು ಎತ್ತಿ ಒಡೆದು ಹಾಕಿಬಿಡುತ್ತಿದ್ದಳು. ಲ್ಯಾಬಿನಲ್ಲಿ ಕೋಟು ತೊಟ್ಟು ಮಾಡುವ ಎಕ್ಸ್‌ಪೆರಿಮೆಂಟಿನ ಲಾಜಿಕ್ಕೇ ಇದು, ಅದೂ ಸೆರಗಿನಿಂದ ಎಳೆದ ದಾರದಲ್ಲಿ!

ಆದರೆ ಗೋಡೆಯ ಮೇಲಿನ ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಬರೆದಿತ್ತು: ತೆಗೆದುಹಾಕಿದ ಮಾಲನ್ನು ಒಳ್ಳೆಯ ಟ್ರೇಯಲ್ಲಿ ಬೆರೆಸಿದವರಿಗೆ ಆ ಕ್ಷಣದಿಂದ ಕೆಲಸ ಇಲ್ಲ. ಕನ್ನಡ ಆ ಮೂರರಲ್ಲಿ ಇರಲಿಲ್ಲ, ಅಕ್ಬರಬಿಗೆ ಓದಲೂ ಬರುತ್ತಿರಲಿಲ್ಲ. ಆದರೂ ಬೋರ್ಡಿನಲ್ಲಿ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಲಾಗಿ ಅವಳು ಇನ್ನೂ ಟೆಂಪರರಿ. ಆರು ವರ್ಷದಿಂದ ಪ್ರತಿ ವರ್ಷ ಒಂದಿಷ್ಟು ದಿನ ಬಿಡಿಸಿ, ಮತ್ತೆ ಹೊಸಬಳಂತೆ ಸೇರಿಸಿಕೊಳ್ಳುತ್ತಿದ್ದರು. ಎಪ್ಪತ್ತೊಂದರ ದಸರೆಗೆ ಕೊನೆಗೂ ಪರ್ಮನೆಂಟ್ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರು ಸೇರಿತ್ತು. ಶನಿವಾರ ಮ್ಯಾನೇಜರ್ ಸಹಿ ಹಾಕುವುದೊಂದೇ ಬಾಕಿ. ಸ್ಟವ್ ರಿಪೇರಿಯ ಗಂಡ ಅಮೀರಸಾಬನಿಗೆ ಅದನ್ನು ಹೇಳಿದಾಗಿನಿಂದ ಅವನು ಕಟ್ಟಿಕೊಂಡ ಸ್ಟವ್ವಿಗೆ ಪಿನ್ನು ಹಾಕುತ್ತ ಹಾಕುತ್ತ ಗಿರಾಕಿಗಳಿಗೆಲ್ಲ ಅದೇ ಸುದ್ದಿ ಹೇಳುತ್ತಿದ್ದ.

ಮಂಗಳವಾರ ಸಂಜೆ ಆಯುಧಪೂಜೆ. ಟಾಂಕಿಯನ್ನು ಭೀಮರಾಯ ಮದುವೆ ಹೆಣ್ಣಿನ ಹಾಗೆ ಸಿಂಗರಿಸಿದ. ವಿಭೂತಿ, ಅರಿಶಿನ, ಕುಂಕುಮ, ಜೊತೆಗೆ ಉದ್ದನೆಯ ಚೆಂಡುಹೂವಿನ ಹಾರ. ಆ ಹಾರವನ್ನು ಬಾಂದ್ರಾ ಸ್ಟೇಷನ್ನಿನ ಹೊರಗೆ ಕೊಂಡು, ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಒಂದು ಹೂವೂ ನಲುಗದಂತೆ ತಂದವಳು ಅಕ್ಬರಬಿ. ಪ್ರತಿ ವರ್ಷ ಅದು ಅವಳದೇ ಪಾಳಿ. ಬುಧವಾರ ರಜೆ.

ಗುರುವಾರ ಬೆಳಿಗ್ಗೆ ಮೊದಲ ಟ್ರೇ ದೀಪದ ಮುಂದೆ ಬಂತು. ಒಂದೂ ನೀಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಸಾಮಾನ್ಯವಾಗಿ ಟ್ರೇಗೊಂದಾದರೂ ಸಿಕ್ಕೇ ಸಿಗುತ್ತಿತ್ತು. ಐದನೆಯ ಟ್ರೇ ಹೊತ್ತಿಗೆ ಬಸಲಿಂಗವ್ವ ತಾಯಿಯ ಕೃಪೆ ಎಂದು ಕೈಮುಗಿದಳು, ಚೆನ್ನಯ ಬಂದು ನೋಡಿ ಮೀಸೆಯಲ್ಲೇ ನಕ್ಕು ಹೋದರು, ಸೀಲಿಂಗ್ ಮಶೀನಿನವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಅಕ್ಬರಬಿ ಮಾತ್ರ ಮುಂದಿನ ಟ್ರೇ ಎಳೆದುಕೊಂಡಳು. ಹನ್ನೊಂದು ಟ್ರೇ ಮುಗಿಸುವವರೆಗೂ ಅವಳ ಪ್ರಾಣವೆಲ್ಲ ಹನ್ನೆರಡನೆಯದರ ಮೂಲೆಯಲ್ಲಿತ್ತು.

"ನಿನ್ನ ಕಣ್ಣಿಗಿ ನೀಲಿ ಬೀಳಲಿಲ್ಲಂದ್ರ ಉಂಡದ್ದು ಇಳಿಯಂಗಿಲ್ಲೇನ?" ಎಂದು ಬಸಲಿಂಗವ್ವ ಕೆಣಕಿದಳು.

ಹನ್ನೆರಡನೆಯ ಟ್ರೇ ಬಂತು. ಅಕ್ಬರಬಿ ಮೂಲೆಯ ಆಂಪ್ಯೂಲನ್ನು ಎತ್ತಿ ದೀಪಕ್ಕೆ ಹಿಡಿದಳು. ಕುತ್ತಿಗೆಯ ದಾರ ಕಡುನೀಲಿ. ಒಳಗಿನ ನೀರು ಬೆಳ್ಳಗೆ, ಬಾವಿಯ ನೀರಿನಷ್ಟು ಬೆಳ್ಳಗೆ.

ಅವಳು ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಊಟದ ಗಂಟೆಯ ನಂತರ ಈ ಟ್ರೇಗಳೆಲ್ಲ ಲೇಬಲ್ ಹಚ್ಚಲು ಹೋಗುತ್ತವೆ. ಆಮೇಲೆ ಯಾವ ಊರಿನ ಯಾವ ತೋಳಿಗೋ. ಮುಷ್ಟಿಯಲ್ಲಿದ್ದುದನ್ನು ಎಂದಿನಂತೆ ಬುಟ್ಟಿಯಲ್ಲಿ ಒಡೆದು ಹಾಕಿದರೆ ಶನಿವಾರ ಕಾಗದ ಕೈಗೆ ಬರುತ್ತದೆ. ತೋರಿಸಿದರೆ ಬೋರ್ಡಿನಲ್ಲಿ ಬರೆದದ್ದು ಆಗುತ್ತದೆ. ಅಮೀರಸಾಬ ಎಷ್ಟು ಜನಕ್ಕೆ ಹೇಳಿಬಿಟ್ಟಿದ್ದಾನೆ ಎಂಬುದೂ ನೆನಪಾಯಿತು.

ಮೊದಲು ಅವಳು ಮುಷ್ಟಿ ಬಿಚ್ಚದೆಯೇ ಪ್ರಯತ್ನಿಸಿದಳು. ಚೆನ್ನಯರ ಮೇಜಿನ ಮುಂದೆ ನಿಂತು, ಎಲ್ಲವನ್ನೂ ಇನ್ನೊಂದು ಸಲ ಟಾಂಕಿಗೆ ಹಾಕೋಣ ಎಂದಳು. ಚೆನ್ನಯ ರಿಜಿಸ್ಟರ್ ತಿರುಗಿಸಿ ತೋರಿಸಿದರು: ಪಂಪು ಎಷ್ಟು ಗಾಳಿ ಎಳೆಯಿತು ಎಂಬ ಅಂಕಿ ಎಂದಿನಂತೆ ಸರಿಯಾಗಿದೆ, ಭೀಮರಾಯ ಬರೆದಿದ್ದಾನೆ, ತಾವು ಸಹಿ ಹಾಕಿದ್ದಾರೆ.

"ಎಂತ ಮಾರಾಯ್ತಿ, ಒಳ್ಳೇದಾದ್ರೂ ನಿಂಗೆ ತಲೆಬಿಸಿಯಾ? ಕಾರಣ ಬೇಕಲ್ಲ. ಸುಮ್ಮನೆ ಇಡೀ ಬ್ಯಾಚ್ ನಿಲ್ಲಿಸ್ಲಿಕ್ಕೆ ಆಗ್ತದಾ?"

ಅಕ್ಬರಬಿ ಮುಷ್ಟಿ ಬಿಚ್ಚಿ ಆಂಪ್ಯೂಲನ್ನು ಅವರ ರಿಜಿಸ್ಟರಿನ ಮೇಲೆ, ಸಹಿಯ ಪಕ್ಕದಲ್ಲೇ ಇಟ್ಟಳು.

"ಇದು ಒಡಕ ಅದ ಅಂತ ಗೊತ್ತಿದ್ದೇ ನಾ ಟ್ರೇದಾಗ ಇಟ್ಟಿದ್ದೆರಿ. ದಾರ ನೀಲಿ ಆಗ್ಯದ, ಒಳಗಿನ ನೀರು ಆಗಿಲ್ಲ. ನಿಮ್ಮ ಟಾಂಕಿ ಇವತ್ತ ಬರೇ ಸ್ನಾನ ಮಾಡಿಸ್ಯದ ಸಾಹೇಬ್ರ, ಪರೀಕ್ಷಾ ಮಾಡಿಲ್ಲ."

ಚೆನ್ನಯ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಎಷ್ಟು ದಿನದಿಂದ ಎಂದು ಕೇಳಿದರು. ಮೂರು ವರ್ಷ ಎಂದಳು. ಅವರು ಕಣ್ಣು ಮುಚ್ಚಿ ತೆರೆದರು, ಎದ್ದು ಟಾಂಕಿಯ ಕಡೆ ನಡೆದರು. ಬಸಲಿಂಗವ್ವ ಸ್ಟೂಲು ಬಿಟ್ಟು ಹಿಂದೆಯೇ ಬಂದಳು.

ಅಂಕಿ ತೋರಿಸುವ ಪಂಪಿನ ಮುಳ್ಳು ನೋಡೋಣ ಎಂದರೆ ಅದರ ಗಾಜಿನ ಮೇಲೆ ಮೂರು ಗೆರೆ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ. ಹಿಂದೆ ಮುಳ್ಳು ಎಲ್ಲಿದೆ ಎಂದು ದೇವರೇ ಬಲ್ಲ. ಪೂಜೆಯದನ್ನು ಒರೆಸುವುದು ಹೇಗೆ ಎಂದು ಭೀಮರಾಯ ಪಂಪಿನ ಸದ್ದು ಕೇಳಿಯೇ ಅಂದಾಜಿನಲ್ಲಿ ಎಂದಿನ ಅಂಕಿ ಬರೆದಿದ್ದ. ಮುಚ್ಚಳ ಎತ್ತಿಸಿದರು. ಅದರ ಅಂಚಿನ ರಬ್ಬರ್ ಬಳೆಯಡಿಯಲ್ಲಿ, ಅಪ್ಪಚ್ಚಿಯಾಗಿ, ನೀಲಿ ಕುಡಿದು, ಎರಡು ಚೆಂಡುಹೂವು ಮತ್ತು ಒಂದು ಗೇಣು ಹುರಿ.

ಭೀಮರಾಯ ನೆಲ ನೋಡುತ್ತ ನಿಂತ. "ಹಾರ ತಾನಾಗೇ ಒಣಗೋತನಾ ತೆಗೀಬಾರ್ದಂತ ನಮ್ಮವ್ವ ಹೇಳ್ಯಾಳ್ರಿ," ಎಂದ.

ಇಷ್ಟಗಲದ ಸಂದಿಯಿದ್ದರೆ ಪಂಪು ಎಷ್ಟು ಎಳೆದರೂ ಟಾಂಕಿಯ ಗಾಳಿ ಖಾಲಿಯಾಗುವುದು ಹೇಗೆ? ಇಡೀ ಮುಂಬಯಿಯ ಗಾಳಿಯನ್ನೇ ಎಳೆಯುತ್ತ ಕೂತಿತ್ತು ಪಾಪ! ಅಕ್ಬರಬಿಗೆ ತಾನು ತಲೆಯ ಮೇಲೆ ಹೊತ್ತು ತಂದ ಹೂವಿನ ಗುರುತು ಹತ್ತಿತು. ಸುಮ್ಮನಿರಬಹುದಿತ್ತು. ಹೇಗೂ ಒಂದು ಹೇಳಿಯಾಗಿದೆ ಎಂದುಕೊಂಡಳೋ ಏನೋ.

"ಇದನ್ನೂ ಬರ್ಕೋರಿ ಸಾಹೇಬ್ರ, ಹಾರ ತಂದಾಕಿ ನಾನೇ."

ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ನಗು ಉಕ್ಕಿ ಬರದಿರಲಿ ಅಂತ. ಚೆನ್ನಯರಿಗೆ ಮಾತ್ರ ನಗು ಬರಲಿಲ್ಲ. ತಾವೇ ಕರ್ಚೀಫಿನಿಂದ ಗಾಜು ಒರೆಸಿದರು, ರಬ್ಬರ್ ತೊಳೆಸಿದರು, ಹಾರವನ್ನು ಗೋಡೆಯ ಮೊಳೆಗೆ ತೂಗು ಹಾಕಿಸಿದರು. ಹನ್ನೆರಡೂ ಟ್ರೇ ಮತ್ತೆ ನೀಲಿ ನೀರಿಗೆ ಇಳಿದವು, ದಾರದ ಆಂಪ್ಯೂಲೂ ಸೇರಿ. ಅದನ್ನು ಈ ಸಲ ಚೆನ್ನಯರೇ ಇಟ್ಟರು, ಬೋರ್ಡಿಗೆ ಬೆನ್ನು ಮಾಡಿ.

ಅಂದು ಹನ್ನೊಂದು ಕಳ್ಳರು ಸಿಕ್ಕರು. ಹನ್ನೆರಡನೆಯದು ಅಕ್ಬರಬಿಯದು, ಒಳಗೂ ಹೊರಗೂ ಶಾಯಿಯಂಥ ನೀಲಿ.

ಶುಕ್ರವಾರ ಚೆನ್ನಯ ಮ್ಯಾನೇಜರಿಗೆ ಒಂದು ರಿಪೋರ್ಟ್ ಬರೆದರು. ಅಕ್ಬರಬಿ ಮೂರು ವರ್ಷ ನಿಯಮ ಮುರಿದದ್ದನ್ನು ಬಚ್ಚಿಡಲಿಲ್ಲ. ಮುರಿಯದಿದ್ದರೆ ಹನ್ನೊಂದು ಕೆಟ್ಟ ಆಂಪ್ಯೂಲು ಹೊರಗೆ ಹೋಗುತ್ತಿದ್ದವು ಎಂಬುದನ್ನೂ ಬಚ್ಚಿಡಲಿಲ್ಲ. ಮುಳ್ಳು ನೋಡದೆ ಸಹಿ ಹಾಕಿದವನು ನಾನು ಎಂದು ಕೊನೆಯ ಸಾಲಿನಲ್ಲಿ ಸೇರಿಸಿದರು. ಅದನ್ನು ಬರೆಯಲು ಅವರಿಗೆ ಎರಡು ಚಹಾ ಬೇಕಾಯಿತು ಎಂದು ಬಸಲಿಂಗವ್ವ ಲೆಕ್ಕ ಇಟ್ಟಿದ್ದಳು.

ಆ ರಾತ್ರಿ ಅಕ್ಬರಬಿ ಗಂಡನಿಗೆ ಎಲ್ಲ ಹೇಳಿದಳು. ಅಮೀರಸಾಬ, ಹಾಗಾದರೆ ನಾಳೆ ಗಿರಾಕಿಗಳಿಗೆ ಏನು ಹೇಳಲಿ ಎಂದಷ್ಟೇ ಕೇಳಿದ. ಸ್ಟವ್ ಹಚ್ಚುವುದು ಹೇಗೆ ಅಂತಷ್ಟೇ ಹೇಳು ಎಂದಳು.

ಶನಿವಾರ ಸಂಜೆ ಚೆನ್ನಯ ಅವಳನ್ನು ಮೇಜಿಗೆ ಕರೆದರು. ಕೈಯಲ್ಲಿ ಎರಡು ಕಾಗದ. ಎರಡೂ ಇಂಗ್ಲಿಷಿನಲ್ಲಿ, ಎರಡರಲ್ಲೂ ಒಂದೇ ಮುದ್ರೆ. ಒಂದು ಎಚ್ಚರಿಕೆಯ ಮೆಮೊ: ತೆಗೆದುಹಾಕಿದ ಮಾಲನ್ನು ಅನುಮತಿಯಿಲ್ಲದೆ ಬೆರೆಸಿದ್ದಕ್ಕೆ, ಇದೇ ಮೊದಲು ಇದೇ ಕೊನೆ ಎಂದು. ಇನ್ನೊಂದು ಪರ್ಮನೆಂಟ್ ಆದ ಕಾಗದ. ಸೋಮವಾರದಿಂದ ಪ್ರತಿ ಟಾಂಕಿಗೂ ಒಂದು ಗುರುತಿನ ಆಂಪ್ಯೂಲು ಇಡಬೇಕು, ಅದನ್ನು ಆರಿಸಿ ದಾರ ಕಟ್ಟುವ ಕೆಲಸ ಇವಳದೇ ಎಂದು ಅದರ ಕೆಳಗೆ ಪೆನ್ನಿನಲ್ಲಿ ಒಂದು ಸಾಲು.

"ಇದು ಬೈದದ್ದು, ಇದು ಕೊಟ್ಟದ್ದು," ಎಂದರು ಚೆನ್ನಯ. "ಸಹಿ ಎರಡಕ್ಕೂ ಒಂದೇ. ಅದಲುಬದಲು ಮಾಡ್ಕೊಂಡು ಮನೆಯಲ್ಲಿ ತಪ್ಪು ಕಾಗದ ತೋರಿಸ್ಬೇಡ ಮತ್ತೆ."

ಅಕ್ಬರಬಿ ಎರಡನ್ನೂ ದೀಪದ ಮುಂದೆ ಹಿಡಿದು ನೋಡಿದಳು, ಅಭ್ಯಾಸ. ಯಾವ ವ್ಯತ್ಯಾಸವೂ ಕಾಣಲಿಲ್ಲ. ಸೆರಗಿನ ಅಂಚಿನಿಂದ ಒಂದೆಳೆ ಬಿಳಿ ದಾರ ಎಳೆದಳು, ಬೈದ ಕಾಗದವನ್ನು ಸುರುಳಿ ಸುತ್ತಿ ಅದರ ಕುತ್ತಿಗೆಗೆ ಬಿಗಿಯಾಗಿ ಕಟ್ಟಿದಳು, ಎರಡನ್ನೂ ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಅಂಧೇರಿ ಸ್ಟೇಷನ್ನಿನ ಬಸ್ಸು ಹಿಡಿದಳು.