ಹಿಂಬಾಗಿಲಿಲ್ಲದ ಮನೆ

ಒಂದು ಅಂಗಳದ ಸುತ್ತ ನಿಂತ ನಲವತ್ತು ಮನೆಗಳ ಆ ಬಡಾವಣೆಗೆ ನಕ್ಷೆ ಬರೆದದ್ದು ಏಳನೇ ಮನೆಯವರೇ; ಎಲ್ಲರ ಬಾಯಲ್ಲೂ ಅವರು ನಕ್ಷೆ ಮಾವ. ಬಿಸಿಲು ತಡೆಯಲೆಂದು ಮನೆಗಳ ಹಿಂದೆ ಉದ್ದಕ್ಕೂ ಒಂದೇ ದಪ್ಪ ಮಣ್ಣಿನ ಗೋಡೆ ಎಬ್ಬಿಸಿದ್ದರು.

"ಒಂದು ಹಿಂಬಾಗಿಲಾದ್ರೂ ಇಡಿ" ಎಂದಿದ್ದಳು ಹೆಂಡತಿ.

"ಹಿಂದಿನಿಂದ ಜಾರಿಕೊಳ್ಳೋಕೆ ನಾವೇನು ಕಳ್ಳರಾ? ಎಲ್ಲರೂ ಅಂಗಳ ದಾಟೇ ಹೋಗಲಿ, ಒಬ್ಬರ ಮುಖ ಒಬ್ಬರು ನೋಡಲಿ" ಎಂದು ಗದರಿದ್ದರು. ಗೋಡೆ ಮುಟ್ಟಬೇಕಾದರೆ ಪ್ರತಿ ಮನೆಯವರ ಸಹಿ ಬೇಕೆಂಬ ನಿಯಮವನ್ನೂ ಬರೆದಿಟ್ಟರು.

ಈಗ ಹೆಂಡತಿ ಇಲ್ಲ. ಚಪ್ಪಲಿ ಮೆಟ್ಟಿದರೆ ಸಾಕು, ಅಂಗಳದ ಬೆಂಚು ಬೆಂಚಿನಿಂದಲೂ ಅದೇ ಮಾತು: "ಊಟ ಆಯ್ತಾ ಮಾವ? ಒಬ್ಬರೇ ಹೊರಟ್ರಾ?" ಪಾಪ, ಒಳ್ಳೆಯ ಜನ, ಸಿಟ್ಟಾಗುವ ಹಾಗೂ ಇಲ್ಲ. ಗೇಟು ಮುಟ್ಟುವಷ್ಟರಲ್ಲಿ ಹತ್ತು ಸಲ ಅದೇ ಉತ್ತರ ಹೇಳಬೇಕಿತ್ತು. ಎಷ್ಟೋ ದಿನ ಹೊಸ್ತಿಲಿನಿಂದಲೇ ವಾಪಸಾದರು.

ಒಂದು ಬೆಳಿಗ್ಗೆ ಟೇಪು ಹಿಡಿದು ಅಳೆದು, ಹಿಂಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಗೀಚಿದರು. ಬಡಾವಣೆ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದರು.

"ನಿಮಗೆ ಬೇಡ ಅನ್ನೋರು ಯಾರು ಮಾವ?" ಎಂದಳು ಆಕೆ. "ನೀವೇ ಬರೆದ ನಿಯಮ ಇದೆಯಲ್ಲ, ಮನೆಮನೆಗೂ ಹೋಗಿ ಒಂದೊಂದು ಸಹಿ ಹಾಕಿಸ್ಕೊಂಡು ಬನ್ನಿ. ಎಲ್ಲರಿಗೂ ನಿಮ್ಮನ್ನ ಮಾತಾಡಿಸಿದ ಹಾಗೂ ಆಗುತ್ತೆ."